ತಿರುಗದ ಸ್ಕ್ರೂ: ಬೈಕಿನ ತಲೆ ಸವೆದ, ಜಾಮ್ ಆದ ಸ್ಕ್ರೂಗಳನ್ನು ಬಿಚ್ಚುವ ಕ್ರಮ

ಅಣ್ಣನ ಯಮಹಾ ಆರ್‌ಎಕ್ಸ್ 100 ಗಾಡಿಯ ಕ್ಲಚ್ ಪ್ಲೇಟ್ ಬದಲಿಸಲು ಕುಳಿತ ಭಾನುವಾರ, ಇಂಜಿನ್ನಿನ ಬಲಬದಿಯ ಕವರಿನ ಸ್ಕ್ರೂಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಅರ್ಧ ಗಂಟೆಯಲ್ಲಿ ಬಂದವು. ಆ ಒಂದಕ್ಕೆ ಮೂರು ದಿನ ಹಿಡಿಯಿತು. ಕೆಳಗಿನ ಅಂಚಿನಲ್ಲಿ, ಕೆಸರು ನಿಲ್ಲುವ ಮೂಲೆಯಲ್ಲಿದ್ದ ಸ್ಕ್ರೂ ಅದು. ಮೊದಲ ಸಲ ಡ್ರೈವರ್ ಜಾರಿದಾಗ ಕಿರ್ರೆಂದಿತು. ಎರಡನೆಯ ಸಲ ಬೆಳ್ಳಗೆ ಹೊಳೆಯುವ ಲೋಹದ ಪುಡಿ ಉದುರಿತು. ಐದನೆಯ ಸಲಕ್ಕೆ ಕೂಡುವ ಚಿಹ್ನೆಯಂತಿದ್ದ ಗುಳಿ ದುಂಡಗಿನ ಬಟ್ಟಲಾಗಿತ್ತು. ಚಹಾ ಲೋಟ ಹಿಡಿದು ಬಂದ ಅಣ್ಣ ಬಗ್ಗಿ ನೋಡಿ, "ಪುಡಿ ಕಂಡ ಕೂಡಲೇ ನಿಲ್ಲಿಸಬೇಕಿತ್ತು ಕಣೋ" ಎಂದ.

ಅಲ್ಲಿಂದೀಚೆಗೆ ನಾನು ಪಾಲಿಸುವ ಕ್ರಮ ಇಷ್ಟೇ: ಕೆಟ್ಟರೂ ಸರಿಪಡಿಸಬಹುದಾದ ಉಪಾಯಗಳು ಮೊದಲು, ಹಿಂದಿರುಗಲು ದಾರಿಯಿಲ್ಲದವು ಕೊನೆಗೆ. ಎಣ್ಣೆ ಬಿಟ್ಟರೆ ಏನೂ ಹಾಳಾಗುವುದಿಲ್ಲ. ಡ್ರಿಲ್ ಇಳಿಸಿದ ಮೇಲೆ ಆ ಸ್ಕ್ರೂವಿನ ತಲೆ ಮತ್ತೆ ಸಿಗುವುದಿಲ್ಲ. ಕೆಳಗೆ ಬರೆದಿರುವುದೂ ಅದೇ ಅನುಕ್ರಮದಲ್ಲಿದೆ. ಆತುರದಲ್ಲಿ ನಡುವಿನ ಹೆಜ್ಜೆಗಳನ್ನು ಹಾರಿಸಬೇಡಿ.

ರೋಗ ಎರಡು, ಮದ್ದೂ ಎರಡು

ಸ್ಕ್ರೂ ಬರುತ್ತಿಲ್ಲ ಎಂದರೆ ಎರಡರಲ್ಲಿ ಒಂದು ಆಗಿರುತ್ತದೆ. ತಲೆಯ ಗುಳಿ ಸವೆದು ಡ್ರೈವರಿಗೆ ಹಿಡಿತ ಸಿಗದಿರಬಹುದು. ಒಳಗಿನ ಥ್ರೆಡ್, ಅಂದರೆ ಸ್ಕ್ರೂವಿನ ಮೈಮೇಲಿನ ಸುರುಳಿ ಗೆರೆ, ಸರಿಯಾಗಿಯೇ ಇರುತ್ತದೆ. ಅಥವಾ ತಲೆ ಚೆನ್ನಾಗಿದ್ದು ಥ್ರೆಡ್ ಕಚ್ಚಿಕೊಂಡಿರಬಹುದು. ಎರಡನೆಯ ರೋಗವನ್ನು ಗುರುತಿಸದೆ ಬಲ ಹಾಕಿದವರು ಮೊದಲನೆಯದನ್ನೂ ತಂದುಕೊಳ್ಳುತ್ತಾರೆ. ನನಗಾದದ್ದು ಇದೇ. ಸವೆದ ತಲೆಗೆ ಎಣ್ಣೆ ಸುರಿದು ಪ್ರಯೋಜನವಿಲ್ಲ, ಕಚ್ಚಿದ ಥ್ರೆಡ್ಡಿಗೆ ಹೊಸ ಡ್ರೈವರ್ ತಂದರೂ ಸಾಲದು.

ಥ್ರೆಡ್ ಕಚ್ಚಿಕೊಳ್ಳಲು ಬೈಕುಗಳಲ್ಲಿ ಮುಖ್ಯ ಕಾರಣ ಉಕ್ಕು ಮತ್ತು ಅಲ್ಯೂಮಿನಿಯಂ ಕೂಡಿರುವುದು. ಇಂಜಿನ್ ಕೇಸ್ ಅಲ್ಯೂಮಿನಿಯಂ, ಸ್ಕ್ರೂ ಉಕ್ಕು. ನಡುವೆ ನೀರು, ಅದರಲ್ಲೂ ಉಪ್ಪು ನೀರು ನಿಂತರೆ ಎರಡು ಲೋಹಗಳ ನಡುವೆ ಪುಟ್ಟ ಬ್ಯಾಟರಿಯಂತೆ ವಿದ್ಯುತ್ ಹರಿಯುತ್ತದೆ, ಅಲ್ಯೂಮಿನಿಯಂ ಕರಗುತ್ತಾ ಬಿಳಿ ಪುಡಿಯಾಗುತ್ತದೆ. ಈ ಪುಡಿ ಲೋಹಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಥ್ರೆಡ್ಡಿನೊಳಗೆ ಬೆಣೆ ಹೊಡೆದಂತೆ ಬಿಗಿಯುತ್ತದೆ. ಉಡುಪಿ, ಕಾರವಾರದ ಕಡಲ ಗಾಳಿಯಲ್ಲಿ ನಿಂತ ಗಾಡಿಗೂ ಚಿತ್ರದುರ್ಗದ ಒಣ ಹವೆಯಲ್ಲಿ ಓಡಿದ ಗಾಡಿಗೂ ಇದರಲ್ಲಿ ಅಜಗಜಾಂತರವಿದೆ. ಸ್ಕ್ರೂ ತಲೆಯ ಸುತ್ತ ಸುಣ್ಣದಂತಹ ಬಿಳಿ ಅಂಚು ಕಂಡರೆ ಒಳಗೆ ಇದೇ ನಡೆದಿದೆ ಎಂದು ತಿಳಿಯಿರಿ.

ಇನ್ನೊಂದು ಕಾರಣ ಸ್ಕ್ರೂ ತಾನಾಗಿ ಸಡಿಲವಾಗದಂತೆ ಹಚ್ಚುವ ಥ್ರೆಡ್‌ಲಾಕರ್ ಅಂಟು. ಡಿಸ್ಕ್ ಬ್ರೇಕಿನ ಬೋಲ್ಟುಗಳಿಗೆ ಇದು ಸಾಮಾನ್ಯವಾಗಿ ಇರುತ್ತದೆ. ಮೂರನೆಯದು ಹಿಂದೆ ಕೈಯಾಡಿಸಿದವರ ಅತಿ ಬಿಗಿ. ಅದಕ್ಕೆ ಮದ್ದು ಮುಂದೆ ಬರುವ ಪೆಟ್ಟು.

ಇದೆಲ್ಲಕ್ಕೂ ಮೊದಲು ದಿಕ್ಕು ಖಚಿತಪಡಿಸಿಕೊಳ್ಳಿ. ಸಾಮಾನ್ಯ ಸ್ಕ್ರೂ ಬಲಮುರಿ, ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿದರೆ ಸಡಿಲವಾಗುತ್ತದೆ. ಆದರೆ ಯಮಹಾದ ಹಲವು ಮಾದರಿಗಳಲ್ಲಿ ಬಲಗನ್ನಡಿಯ ಕಾಂಡ ಎಡಮುರಿ. ಅದನ್ನು 'ಸಡಿಲಿಸಲು' ಹೋಗಿ ಬಿಗಿ ಮಾಡಿ ಮುರಿದವರು ಕಡಿಮೆಯಿಲ್ಲ.

ಡ್ರೈವರ್: ಮುಕ್ಕಾಲು ಜಗಳ ಇಲ್ಲೇ ತೀರುತ್ತದೆ

ನಾವು ಸ್ಟಾರ್ ಸ್ಕ್ರೂ ಎಂದು ಕರೆಯುವುದರಲ್ಲಿ ಎರಡು ಜಾತಿಗಳಿವೆ. ಒಂದು ಫಿಲಿಪ್ಸ್. ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಅದು. ಅದರ ಗೋಡೆಗಳು ಇಳಿಜಾರಾಗಿರುವುದರಿಂದ ಬಲ ಹೆಚ್ಚಾದಾಗ ಡ್ರೈವರ್ ತಾನಾಗಿ ಮೇಲೆದ್ದು ಜಾರುತ್ತದೆ. ಇನ್ನೊಂದು ಜಪಾನಿನ ಮಾನಕದ್ದು, ಜೆಐಎಸ್. ಹೊರನೋಟಕ್ಕೆ ಎರಡೂ ಒಂದೇ. ಆದರೆ ಜೆಐಎಸ್ ಗುಳಿಯಲ್ಲಿ ಫಿಲಿಪ್ಸ್ ಡ್ರೈವರ್ ಪೂರ್ತಿ ಕೂರುವುದಿಲ್ಲ, ತಳ ಮುಟ್ಟುವ ಮೊದಲೇ ಅಂಚಿಗೆ ತಾಗಿ ನಿಲ್ಲುತ್ತದೆ. 1985ರಿಂದ 1996ರವರೆಗೆ ಇಲ್ಲಿ ತಯಾರಾದ ಆರ್‌ಎಕ್ಸ್ 100 ಆಗಲಿ, ಜಪಾನ್ ಮೂಲದ ಬೇರೆ ಗಾಡಿಗಳಾಗಲಿ, ಮೂಲ ಸ್ಕ್ರೂಗಳು ಇನ್ನೂ ಉಳಿದಿದ್ದರೆ ಜೆಐಎಸ್ ಎಂದೇ ಭಾವಿಸಿ. ಕೆಲವು ಸ್ಕ್ರೂಗಳ ತಲೆಯ ಮೇಲೆ ಗುಳಿಯ ಪಕ್ಕದಲ್ಲಿ ಸೂಜಿ ಚುಚ್ಚಿದಂತಹ ಒಂದು ಚುಕ್ಕಿ ಇರುತ್ತದೆ, ಅದು ಜೆಐಎಸ್ ಗುರುತು. ಚುಕ್ಕಿ ಇಲ್ಲದ ಮಾತ್ರಕ್ಕೆ ಅಲ್ಲ ಎನ್ನುವಂತಿಲ್ಲ. ಜೆಐಎಸ್ ಡ್ರೈವರನ್ನು ಫಿಲಿಪ್ಸ್ ಸ್ಕ್ರೂವಿಗೂ ಬಳಸಬಹುದು, ಆದ್ದರಿಂದ ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಜಾತಿಗಿಂತ ದೊಡ್ಡ ತಪ್ಪು ಅಳತೆಯದ್ದು. ಎಂ3ರಿಂದ ಎಂ5ರವರೆಗಿನ (ಎಂ ಮುಂದಿನ ಅಂಕಿ ಎಂದರೆ ಸ್ಕ್ರೂವಿನ ಮೈಯ ದಪ್ಪ, ಮಿಲಿಮೀಟರಿನಲ್ಲಿ) ಸ್ಕ್ರೂಗಳಿಗೆ 2ನೇ ನಂಬರ್ ತುದಿ, ಎಂ6ಕ್ಕೆ 3ನೇ ನಂಬರ್. ಇಂಜಿನ್ ಕವರುಗಳಲ್ಲಿರುವುದು ಸಾಮಾನ್ಯವಾಗಿ ಎಂ6. ನಮ್ಮ ಮನೆಗಳಲ್ಲಿರುವುದು ಸ್ವಿಚ್ ಬೋರ್ಡ್ ಬಿಚ್ಚುವ 2ನೇ ನಂಬರ್. ಅದು 3ನೇ ನಂಬರಿನ ಗುಳಿಯಲ್ಲಿ ಕೂತಂತೆ ಕಾಣುತ್ತದೆ, ತಿರುಗಿಸಿದಂತೆಯೂ ಅನ್ನಿಸುತ್ತದೆ, ಆದರೆ ಹಿಡಿದಿರುವುದು ರೆಕ್ಕೆಗಳ ತುದಿ ಮಾತ್ರ. ಪರೀಕ್ಷೆ ಸುಲಭ: ಡ್ರೈವರನ್ನು ಗುಳಿಯಲ್ಲಿಟ್ಟು ಎಡಕ್ಕೂ ಬಲಕ್ಕೂ ಅಲುಗಾಡಿಸಿ. ಲೊಡಲೊಡ ಎಂದರೆ ಅಳತೆ ತಪ್ಪಿದೆ. ಸರಿಯಾದದ್ದು ಗುಳಿಯಲ್ಲಿ ಬಿಗಿಯಾಗಿ ಕೂರುತ್ತದೆ, ಎಷ್ಟೋ ಸಲ ಕೈಬಿಟ್ಟರೂ ಬೀಳುವುದಿಲ್ಲ.

ಕೂರುವ ಮೊದಲು ಗುಳಿ ಖಾಲಿಯಿರಬೇಕು. ವರ್ಷಗಳ ಮಣ್ಣು, ಬಣ್ಣ, ಗ್ರೀಸ್ ಒಳಗೆ ಕಲ್ಲಾಗಿರುತ್ತದೆ. ದಪ್ಪ ಸೂಜಿಯಿಂದ ಕೆರೆದು, ಸೀಮೆಎಣ್ಣೆಯಲ್ಲದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ. ಈ ಎರಡು ನಿಮಿಷ ಉಳಿಸಲು ಹೋಗಿ ನಾನು ಮೂರು ದಿನ ಕಳೆದೆ.

ತಿರುಗಿಸುವಾಗ ಬಲದ ಹೆಚ್ಚಿನ ಪಾಲು ಒತ್ತುವುದಕ್ಕೆ ಹೋಗಬೇಕು, ತಿರುಗಿಸುವುದಕ್ಕೆ ಉಳಿದದ್ದು ಸಾಕು. ಗಾಡಿಯನ್ನು ಮುಖ್ಯ ಸ್ಟ್ಯಾಂಡಿಗೆ ಹಾಕಿ, ಎದೆಯ ಭಾರ ಡ್ರೈವರಿನ ಮೇಲೆ ಬೀಳುವಂತೆ ಕುಳಿತುಕೊಳ್ಳಿ. ಗುಳಿ ಸ್ವಲ್ಪವೇ ಸವೆದಿದ್ದರೆ ತುದಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸವರಿ. ಬಿಡಿಭಾಗದ ಅಂಗಡಿಗಳಲ್ಲಿ ಪುಟ್ಟ ಡಬ್ಬಿ ಸಿಗುತ್ತದೆ. ಅದರ ಗರಗರ ಕಣಗಳು ಅಚ್ಚರಿಯಾಗುವಷ್ಟು ಹಿಡಿತ ಕೊಡುತ್ತವೆ. ಕೆಲಸವಾದ ಮೇಲೆ ಒಂದು ಕಣವೂ ಇಂಜಿನ್ನಿನೊಳಗೆ ಹೋಗದಂತೆ ಒರೆಸಬೇಕು. ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸುವ ಉಪಾಯವನ್ನು ಎಲ್ಲರೂ ಹೇಳುತ್ತಾರೆ. ಮರದ ಕುರ್ಚಿಯ ಸ್ಕ್ರೂವಿಗೆ ಅದು ನಡೆದೀತು, ಇಂಜಿನ್ ಕವರಿನಲ್ಲಿ ನನಗೆ ಒಮ್ಮೆಯೂ ನಡೆದಿಲ್ಲ.

ಎಣ್ಣೆ, ಪೆಟ್ಟು, ಬಿಸಿ

ಜಾಮ್ ಆದ ಸ್ಕ್ರೂವಿಗೆ ಪೆನೆಟ್ರೇಟಿಂಗ್ ಆಯಿಲ್ (ಸಂದಿಗೆ ಇಳಿಯುವ ತೆಳು ಎಣ್ಣೆ) ಬಿಟ್ಟು ಒಂದು ರಾತ್ರಿ ಕಾಯಿರಿ. ಡಬ್ಲ್ಯುಡಿ-40 ಹುಟ್ಟಿದ್ದು ನೀರನ್ನು ಹೊರದೂಡಲು, 1953ರಲ್ಲಿ. ಕೈಗೆ ಅದೇ ಸಿಕ್ಕರೆ ಬಳಸಿ, ಆದರೆ ತುಕ್ಕು ಬಿಡಿಸಲೆಂದೇ ಮಾಡಿದ ಎಣ್ಣೆ ಮೇಲು. ನಮ್ಮ ಗ್ಯಾರೇಜುಗಳಲ್ಲಿ ಡೀಸೆಲ್, ಸೀಮೆಎಣ್ಣೆಯಲ್ಲೇ ಎಷ್ಟೋ ಕೆಲಸ ನಡೆಯುತ್ತದೆ. ಒಂದು ಮಾತು ನೆನಪಿರಲಿ: ಬಿಗಿದ ಸ್ಕ್ರೂವಿನ ತಲೆಯೇ ಮುಚ್ಚಳದಂತೆ ಕೂತಿರುವುದರಿಂದ ಎಣ್ಣೆಗೆ ಒಳಗೆ ಹೋಗಲು ದಾರಿಯಿರುವುದಿಲ್ಲ. ಆ ದಾರಿ ಮಾಡಿಕೊಡುವುದು ಪೆಟ್ಟು.

ಸ್ಕ್ರೂ ತಲೆಯ ಮೇಲೆ ಅದೇ ಅಗಲದ ಪಂಚ್ ಇಟ್ಟು ಸುತ್ತಿಗೆಯಿಂದ ನಾಲ್ಕೈದು ಚುರುಕು ಪೆಟ್ಟು ಕೊಡಿ. ಗುದ್ದಬೇಡಿ, ತಟ್ಟಿ. ತಲೆಯ ಕೆಳಗಿನ ಅಂಟು, ಥ್ರೆಡ್ಡಿನ ತುಕ್ಕು ಬಿರುಕು ಬಿಡುತ್ತದೆ. ಎಣ್ಣೆ ಹಾಕಿ, ತಟ್ಟಿ, ಕಾಯಿರಿ. ಮತ್ತೆ ಹಾಕಿ, ತಟ್ಟಿ. ಸವೆಯಲು ತೊಡಗಿದ ಗುಳಿಗೂ ಇದರಿಂದ ಲಾಭವಿದೆ: ಸರಿಯಾದ ನಂಬರಿನ ಡ್ರೈವರ್ ಇಟ್ಟು ತಟ್ಟಿದರೆ ಗುಳಿಯ ಅಂಚು ಮತ್ತೆ ತುದಿಯ ಆಕಾರಕ್ಕೆ ಕೂರುತ್ತದೆ. ಇದಕ್ಕೆ ಹಿಡಿಯ ಮೂಲಕ ಹಿಂಬದಿಯವರೆಗೂ ಉಕ್ಕು ಹಾದುಹೋಗಿರುವ ಡ್ರೈವರೇ ಬೇಕು. ಬರಿ ಪ್ಲಾಸ್ಟಿಕ್ ಹಿಡಿಗೆ ಹೊಡೆದರೆ ಹಿಡಿ ಒಡೆಯುತ್ತದೆ.

ಬಿಸಿಯ ಲೆಕ್ಕ ಹೀಗೆ: ಅಷ್ಟೇ ಉಷ್ಣಕ್ಕೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆದ್ದರಿಂದ ಸ್ಕ್ರೂವಿನ ಸುತ್ತಲಿನ ಕೇಸನ್ನು ಬಿಸಿಮಾಡಿದರೆ ತೂತು ಸ್ಕ್ರೂಗಿಂತ ಹೆಚ್ಚು ಅಗಲವಾಗುತ್ತದೆ. ಹೀಟ್ ಗನ್ ಸಾಕು, ಬೆಂಕಿಯ ಟಾರ್ಚ್ ಕೊನೆಯ ಪಾಳಿಗಿರಲಿ. ಒಂದು ಹನಿ ನೀರು ಬಿಟ್ಟಾಗ ಚುಂಯ್ ಎಂದು ಹಾರಿಹೋದರೆ ನೂರು ಡಿಗ್ರಿ ದಾಟಿದೆ ಎಂದರ್ಥ. ತುಕ್ಕು ಹಿಡಿದ ಸ್ಕ್ರೂವಿಗೆ ಅಷ್ಟು ಸಾಕು, ಅದಕ್ಕಿಂತ ಮುಂದೆ ಹೋದರೆ ಹತ್ತಿರದ ರಬ್ಬರ್ ಆಯಿಲ್ ಸೀಲುಗಳು ಕೆಡುತ್ತವೆ. ಬಿಸಿಯಿರುವಾಗಲೇ ಮೇಣದಬತ್ತಿಯ ತುದಿಯನ್ನು ತಲೆಯ ಅಂಚಿಗೆ ಮುಟ್ಟಿಸಿದರೆ ಕರಗಿದ ಮೇಣ ಸಂದಿನೊಳಕ್ಕೆ ಹೀರಿಕೊಳ್ಳುತ್ತದೆ. ತಣಿದ ಮೇಲೆ ಮೇಣವೇ ಎಣ್ಣೆಯ ಕೆಲಸ ಮಾಡುತ್ತದೆ. ಚಿಕ್ಕ ಸ್ಕ್ರೂಗಳಿಗೆ ಕಾದ ದಪ್ಪ ಸೋಲ್ಡರಿಂಗ್ ಕಡ್ಡಿಯನ್ನೇ ಗುಳಿಯಲ್ಲಿ ಒತ್ತಿ ಹಿಡಿಯಬಹುದು. ಕೆಂಪು ಥ್ರೆಡ್‌ಲಾಕರ್ ಸಡಿಲಿಸಲು ಮಾತ್ರ 250 ಡಿಗ್ರಿಯ ಆಸುಪಾಸು ಬೇಕು. ನೀಲಿಯದು ಸಾಮಾನ್ಯ ಕೈ ಉಪಕರಣಕ್ಕೇ ಮಣಿಯುತ್ತದೆ.

ಬಿಸಿ ಹಿಡಿಯುವ ಮೊದಲು ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರವಿಡಿ, ಕಾರ್ಬುರೇಟರ್ ಖಾಲಿ ಮಾಡಿ, ಚೆಲ್ಲಿದ ಎಣ್ಣೆ ಒರೆಸಿ. ತೋಯಿಸಿದ ಗೋಣಿಚೀಲ ಪಕ್ಕದಲ್ಲಿರಲಿ. ಬ್ರೇಕ್ ಕ್ಲೀನರಿನಿಂದ ತೊಳೆದ ಜಾಗವನ್ನು ಎಂದಿಗೂ ಬಿಸಿಮಾಡಬೇಡಿ. ಅದರಲ್ಲಿ ಕ್ಲೋರಿನ್ ಇದ್ದರೆ ಬಿಸಿಗೆ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ.

ಇಂಪ್ಯಾಕ್ಟ್ ಡ್ರೈವರ್

ಹಳೆಯ ಗಾಡಿ ಇಟ್ಟುಕೊಂಡವರು ಒಂದೇ ಒಂದು ವಿಶೇಷ ಉಪಕರಣ ಕೊಳ್ಳುವುದಾದರೆ ಇದನ್ನು ಕೊಳ್ಳಬೇಕು. ಬ್ಯಾಟರಿಯದ್ದಲ್ಲ, ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆಯುವ, ದಪ್ಪ ಹಿಡಿಯಂತಹ ಉಕ್ಕಿನ ಗುಂಡು. ಬೆಂಗಳೂರಿನ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ. ಹೊಡೆದ ಪೆಟ್ಟಿನ ಒಂದು ಪಾಲು ತುದಿಯನ್ನು ಗುಳಿಯೊಳಕ್ಕೆ ಒತ್ತುತ್ತದೆ, ಇನ್ನೊಂದು ಪಾಲು ತಿರುವಾಗುತ್ತದೆ. ಎರಡೂ ಒಂದೇ ಕ್ಷಣದಲ್ಲಿ ಆಗುವುದರಿಂದ ಜಾರಲು ಆಸ್ಪದವಿಲ್ಲ.

ಮೊದಲು ದಿಕ್ಕನ್ನು ಸಡಿಲಿಸುವ ಕಡೆಗೆ ಹಾಕಿ. ಇದನ್ನು ಮರೆತರೆ ಸ್ಕ್ರೂ ಇನ್ನಷ್ಟು ಬಿಗಿಯಾಗುತ್ತದೆ, ನಗೆಪಾಟಲೂ ಆಗುತ್ತದೆ. 3ನೇ ನಂಬರ್ ಬಿಟ್ ಸಿಕ್ಕಿಸಿ, ಗುಳಿಯಲ್ಲಿ ನೇರ ಕೂರಿಸಿ, ಗುಂಡನ್ನು ಸಡಿಲಿಸುವ ದಿಕ್ಕಿಗೆ ಕೈಯಿಂದ ತಿರುಗಿಸಿ ಸಂದನ್ನು ತುಂಬಿಸಿ ಹಿಡಿಯಿರಿ. ಆಮೇಲೆ ತೂಕದ ಸುತ್ತಿಗೆಯಿಂದ ಒಂದೇ ಗಟ್ಟಿ ಪೆಟ್ಟು. ಹಗುರ ಸುತ್ತಿಗೆಯ ಹತ್ತು ಪೆಟ್ಟಿಗಿಂತ ಅರ್ಧ ಕಿಲೋಗೂ ಮೇಲ್ಪಟ್ಟ ಸುತ್ತಿಗೆಯ ಒಂದು ಪೆಟ್ಟು ಮೇಲು. ಸ್ಕ್ರೂ ಬಿಟ್ಟಾಗ ಶಬ್ದ ಬದಲಾಗುತ್ತದೆ: ಠಣ್ ಎನ್ನುತ್ತಿದ್ದದ್ದು ಟಕ್ ಎಂದು ಮಂದವಾಗುತ್ತದೆ. ಕೈಯಲ್ಲಿರುವ ಗುಂಡು ಕೂದಲೆಳೆಯಷ್ಟು ಹೊರಳಿದ್ದೂ ಗೊತ್ತಾಗುತ್ತದೆ. ಅಲ್ಲಿ ನಿಲ್ಲಿಸಿ ಸಾದಾ ಡ್ರೈವರ್ ಹಿಡಿಯಿರಿ.

ಅಲ್ಯೂಮಿನಿಯಂ ಕವರಿನ ತೆಳು ಅಂಚಿಗೆ ಪೆಟ್ಟು ಜಾರದಂತೆ ನೋಡಿಕೊಳ್ಳಿ. ಕಾರ್ಬುರೇಟರಿಗೆ ಇದನ್ನು ತೋರಿಸಲೂ ಬೇಡಿ, ಅದರ ಎರಕದ ಮೈ ಬಿರಿಯುತ್ತದೆ. ಅಂತಹ ಕಡೆ ಬೇಕಾದರೆ ಜಪಾನಿನ ವೆಸೆಲ್ ಕಂಪನಿಯದ್ದರಂತಹ, ಹಿಂಬದಿಗೆ ತಟ್ಟಿದಾಗ ತುಸುವೇ ತಿರುಗುವ ಸ್ಕ್ರೂಡ್ರೈವರುಗಳಿವೆ.

ಒಂದು ಸುತ್ತು ಸಡಿಲವಾದ ಸ್ಕ್ರೂ ಮತ್ತೆ ಕಿರುಗುಟ್ಟಿ ನಿಂತರೆ ಎಳೆಯಬೇಡಿ. ತುಸು ಹಿಂದಕ್ಕೆ ಬಿಗಿಮಾಡಿ, ಎಣ್ಣೆ ಬಿಟ್ಟು, ಮತ್ತೆ ಮುಂದಕ್ಕೆ ತನ್ನಿ. ಬಿಳಿ ಪುಡಿ ಪುಡಿಯಾಗಿಯೇ ಹೊರಬರಬೇಕು, ಥ್ರೆಡ್ಡನ್ನು ಕಿತ್ತುಕೊಂಡು ಬರಬಾರದು. ಹಾಗೆಯೇ ಕವರಿನ ಉಳಿದೆಲ್ಲ ಸ್ಕ್ರೂಗಳನ್ನು ಪೂರ್ತಿ ತೆಗೆದು ಹಟಮಾರಿಯೊಂದನ್ನೇ ಉಳಿಸುವುದೂ ತಪ್ಪು. ಕವರ್ ವಾಲಿ ಅದೊಂದರ ಮೇಲೆ ಜಗ್ಗುತ್ತದೆ. ಎಲ್ಲವನ್ನೂ ಕಾಲು ಸುತ್ತು ಸಡಿಲಿಸಿ ಹಾಗೇ ಬಿಟ್ಟಿರಿ.

ಗುಳಿ ಪೂರ್ತಿ ಹೋದ ಮೇಲೆ

ಮೇಲೆದ್ದ ತಲೆಯಿದ್ದರೆ ವೈಸ್ ಗ್ರಿಪ್ (ಕಚ್ಚಿದ ಮೇಲೆ ತಾನೇ ಬಿಗಿ ಹಿಡಿದು ನಿಲ್ಲುವ ಇಕ್ಕಳ) ಕಚ್ಚಿಸಿ ತಿರುಗಿಸಿ. ದುಂಡು ತಲೆಯ ಎರಡು ಬದಿಗಳನ್ನು ಅರದಿಂದ ಚಪ್ಪಟೆ ಮಾಡಿಕೊಂಡರೆ ಹಿಡಿತ ಇಮ್ಮಡಿಯಾಗುತ್ತದೆ. ಜಾಗವಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ತಲೆಯ ಮೇಲೆ ಗೀರು ಕೊಯ್ದು ಮೈನಸ್ ಬಿಟ್ ಹಾಕಿ, ಅದನ್ನೂ ಇಂಪ್ಯಾಕ್ಟ್ ಡ್ರೈವರಿಗೇ ಸಿಕ್ಕಿಸಿ ಹೊಡೆಯಿರಿ. ಇನ್ನೊಂದು ಹಳೆಯ ವಿದ್ಯೆ ಉಳಿಯದ್ದು: ತಲೆಯ ಹೊರ ಅಂಚಿನಲ್ಲಿ ಚೂಪು ಉಳಿಯನ್ನು ನೇರವಾಗಿಟ್ಟು ಒಂದು ಕಚ್ಚು ಮಾಡಿ, ಆಮೇಲೆ ಉಳಿಯನ್ನು ಸಡಿಲಿಸುವ ದಿಕ್ಕಿಗೆ ವಾಲಿಸಿ ತಟ್ಟುವುದು. ನಮ್ಮೂರಿನ ಮೆಕ್ಯಾನಿಕ್ ಒಬ್ಬರು ಇದನ್ನು ಬೀಡಿ ಬಾಯಲ್ಲಿಟ್ಟುಕೊಂಡೇ ಮಾಡುತ್ತಿದ್ದರು. ನನ್ನ ಕೈಯಲ್ಲಿ ಉಳಿ ಜಾರಿ ಕವರಿನ ಮೇಲೆ ಆದ ಗೀರು ಇಂದಿಗೂ ಇದೆ. ಆರು ಮೂಲೆಯ ಗುಳಿ ಗುಂಡಗಾದ ಆಲೆನ್ ಬೋಲ್ಟಿಗೆ ಒಂದು ಅಳತೆ ದೊಡ್ಡ, ಆರು ಮೊನೆಯ ನಕ್ಷತ್ರದಂತಹ ಟಾರ್ಕ್ಸ್ ಬಿಟ್ ಹೊಡೆದು ಕೂರಿಸಿ ತಿರುಗಿಸಿ. ಆ ಬೋಲ್ಟ್ ಆಮೇಲೆ ಗುಜರಿಗೆ.

ಇವೆಲ್ಲ ಸೋತರೆ ತಲೆಯನ್ನೇ ತೆಗೆಯುವುದು. ಹೆದರಿಸುವಂತೆ ಕೇಳಿಸಿದರೂ ಕವರಿನ ಸ್ಕ್ರೂಗಳ ಮಟ್ಟಿಗೆ ನನಗೆ ಅತ್ಯಂತ ನಂಬಿಕೆಯ ದಾರಿ ಇದು. ಆ ಭಾನುವಾರದ ಸ್ಕ್ರೂ ಬುಧವಾರ ಬಂದದ್ದೂ ಹೀಗೆಯೇ. ಕನ್ನಡಕ ಹಾಕಿಕೊಳ್ಳಿ. ಗುಳಿಯ ನಡುಮಧ್ಯೆ ಸೆಂಟರ್ ಪಂಚಿನಿಂದ ಗುರುತು ಮಾಡಿ. ಮೂರು ಮಿಲಿಮೀಟರ್ ಬಿಟ್ಟಿನಿಂದ ತಲೆಯ ದಪ್ಪದಷ್ಟು ತೂತು ಕೊರೆದು, ಆಮೇಲೆ ಸ್ಕ್ರೂವಿನ ಮೈಯಷ್ಟೇ ದಪ್ಪದ ಬಿಟ್, ಅಂದರೆ ಎಂ6ಕ್ಕೆ ಆರು ಮಿಲಿಮೀಟರ್, ಹಾಕಿ. ವೇಗ ಕಡಿಮೆ, ಒತ್ತಡ ಹೆಚ್ಚು, ನಡುನಡುವೆ ಎರಡು ಹನಿ ಎಣ್ಣೆ. ತಲೆ ಉಂಗುರದಂತೆ ಕಳಚಿ ಬಿಟ್ಟಿನ ಜೊತೆ ಸುತ್ತತೊಡಗಿದರೆ ಮುಗಿಯಿತು. ಕವರ್ ಎಳೆದು ತೆಗೆಯಿರಿ. ಕೇಸಿನಿಂದ ಕವರಿನ ದಪ್ಪದಷ್ಟು ಉದ್ದದ ಮೊಂಡುಗೂಟ ಹೊರಗೆ ಉಳಿದಿರುತ್ತದೆ. ತಲೆ ಹೋದೊಡನೆ ಬಿಗಿತವೂ ಹೋಗಿರುವುದರಿಂದ, ತುಸು ಎಣ್ಣೆ ಬಿಟ್ಟು ವೈಸ್ ಗ್ರಿಪ್ಪಿನಿಂದ ಹಿಡಿದರೆ ಬರುತ್ತದೆ. ನನ್ನದು ಬೆರಳಿಗೇ ತಿರುಗಿ ಬಂತು. ಮೂರು ದಿನದ ಹೋರಾಟವೆಲ್ಲ ಆ ತಲೆಯ ಅಡಿಯ ಬಿಗಿಯೊಂದರ ಜೊತೆಗೇ ನಡೆದಿತ್ತು.

ಸ್ಕ್ರೂ ಕೇಸಿನ ಮಟ್ಟಕ್ಕೇ ಮುರಿದರೆ ಆಗ ನಿಜವಾದ ಕಷ್ಟ. ಎಡಮುರಿ ಡ್ರಿಲ್ ಬಿಟ್ ಸಿಕ್ಕರೆ ಮೊದಲು ಅದು. ಕೊರೆಯುತ್ತಿರುವಾಗಲೇ ಕಚ್ಚಿ ಸ್ಕ್ರೂವನ್ನು ಹೊರತಂದರೂ ತಂದೀತು. ಈಜಿ ಔಟ್ ಎಂದು ಮಾರುವ ಎಡಸುರುಳಿಯ ಕಡ್ಡಿಯ ಬಗ್ಗೆ ನನಗೆ ಭಯವೇ ಹೆಚ್ಚು. ಅದು ಬಲು ಗಡಸು, ಆದ್ದರಿಂದಲೇ ಪೆಳಸು. ಒಳಗೆ ಮುರಿದರೆ ಸಾದಾ ಡ್ರಿಲ್ ಅದರ ಮೇಲೆ ಗೀರನ್ನೂ ಎಳೆಯದು. ಮೇಲಾಗಿ ಅದು ಶಂಕುವಿನ ಆಕಾರದ್ದು, ಒಳಗಿಳಿದಷ್ಟೂ ಸ್ಕ್ರೂವನ್ನು ಅಗಲಿಸಿ ಇನ್ನಷ್ಟು ಬಿಗಿಸುತ್ತದೆ. ಬಳಸುವುದಾದರೆ ಕೇಸನ್ನು ಬಿಸಿಮಾಡಿ, ಕೈಯ ಹದಕ್ಕಷ್ಟೇ ತಿರುಗಿಸಿ, ಬಾಗುವ ಸೂಚನೆ ಕಂಡೊಡನೆ ಬಿಡಿ. ಅದಕ್ಕಿಂತ ಲೇತ್ ಅಂಗಡಿಗೆ ಒಯ್ದು ಮೊಂಡಿನ ಮೇಲೆ ನಟ್ಟೊಂದನ್ನು ವೆಲ್ಡ್ ಮಾಡಿಸುವುದು ಲೇಸು. ಉಕ್ಕಿನ ಬೆಸುಗೆ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ವೆಲ್ಡಿಂಗಿನ ಬಿಸಿಯೇ ಅರ್ಧ ಕೆಲಸ ಮುಗಿಸಿರುತ್ತದೆ. ಗಾಡಿಯ ಮೇಲೆಯೇ ಮಾಡಿಸುವುದಾದರೆ ಬ್ಯಾಟರಿಯ ತಂತಿ, ಇಂಜಿನ್ನಿನ ಕಿಡಿಯನ್ನು ನಿಯಂತ್ರಿಸುವ ಸಿಡಿಐ ಅಥವಾ ಇಸಿಯು ಪೆಟ್ಟಿಗೆಯ ಕನೆಕ್ಟರ್ ಕಳಚಿಡಿ.

ಬ್ರೇಕಿನ ಹತ್ತಿರ

ಮುಂಬ್ರೇಕಿನ ದ್ರವದ ಡಬ್ಬಿಯ ಮುಚ್ಚಳದ ಎರಡು ಪುಟ್ಟ ಚಪ್ಪಟೆ ತಲೆಯ ಸ್ಕ್ರೂಗಳು ಮಳೆನೀರು ಕುಡಿದೇ ಬದುಕುವಂಥವು. ತಲೆ ಹೋದರೆ ಮೇಲಿನಂತೆಯೇ ಕೊರೆದು ಮುಚ್ಚಳ ತೆಗೆಯಿರಿ, ಆದರೆ ಕೆಳಗಿನ ರಬ್ಬರ್ ಪೊರೆಯನ್ನು ಪುಡಿ ಪೂರ್ತಿ ಒರೆಸುವವರೆಗೆ ಅಲುಗಿಸಬೇಡಿ. ದ್ರವದಲ್ಲಿ ಒಂದು ಚೂರು ಬಿದ್ದ ಅನುಮಾನವಿದ್ದರೂ ದ್ರವ ಬದಲಿಸಿ. ಅದು ಬಣ್ಣವನ್ನು ತಿನ್ನುತ್ತದೆ, ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹೊದಿಸಿರಿ. ಡಿಸ್ಕ್ ಬೋಲ್ಟುಗಳಿಗೆ ಬಿಸಿ ಹಿಡಿಯುವಾಗ ಚಕ್ರದ ಬೇರಿಂಗ್ ಸೀಲು, ಎಬಿಎಸ್ ಸೆನ್ಸರಿನ ಕಡೆ ನಿಗಾ ಇರಲಿ. ಬ್ರೇಕಿಗೆ ಸಂಬಂಧಿಸಿದ ಬೋಲ್ಟ್ ಮುರಿದು ಥ್ರೆಡ್ ಹೋದರೆ ಮನೆಯಲ್ಲಿ ಸರ್ಕಸ್ ಬೇಡ, ಬಲ್ಲವರಿಗೆ ಒಪ್ಪಿಸಿ.

ಮರಳಿ ಜೋಡಿಸುವಾಗ

ತೂತಿನೊಳಗೆ ಎಂ6×1.0 ಟ್ಯಾಪನ್ನು (ಥ್ರೆಡ್ ಕೊರೆಯುವ ಕಡ್ಡಿ) ಕೈಯಿಂದ ಹಗುರಾಗಿ ಇಳಿಸಿ ಕಸ ತೆಗೆಯಿರಿ. ಥ್ರೆಡ್ಡೇ ಹೋಗಿದ್ದರೆ ಹೆಲಿಕಾಯಿಲ್ ಹಾಕಿಸಬೇಕು: ಎಂ6ಕ್ಕೆ ಸುಮಾರು 6.3 ಮಿಲಿಮೀಟರ್ ಕೊರೆದು, ಅದರದೇ ಟ್ಯಾಪ್ ಹಾಕಿ, ಉಕ್ಕಿನ ಸುರುಳಿ ಕೂರಿಸುತ್ತಾರೆ. ಹೊಸ ಥ್ರೆಡ್ ಹಳೆಯದಕ್ಕಿಂತ ಗಟ್ಟಿ.

ಹಳೆಯ ಸ್ಕ್ರೂಗಳನ್ನು ಮತ್ತೆ ಹಾಕಬೇಡಿ. ಆಲೆನ್ ತಲೆಯ ಬೋಲ್ಟುಗಳ ಸೆಟ್ ಅಗ್ಗಕ್ಕೆ ಸಿಗುತ್ತದೆ. ಮೂಲರೂಪವೇ ಬೇಕೆನ್ನುವ ಆರ್‌ಎಕ್ಸ್ ಪ್ರೇಮಿಗಳು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಒಂದೊಂದು ಜಾಗದ ಸ್ಕ್ರೂವಿನ ಉದ್ದ ಬೇರೆ. ಬಿಚ್ಚುವಾಗಲೇ ರಟ್ಟಿನ ತುಂಡಿನ ಮೇಲೆ ಕವರಿನ ಆಕಾರ ಬರೆದು ಆಯಾ ಜಾಗದಲ್ಲಿ ಸ್ಕ್ರೂ ಚುಚ್ಚಿಡಿ. ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ತಳ ಒಡೆಯುತ್ತದೆ.

ಥ್ರೆಡ್ಡಿಗೆ ಆ್ಯಂಟಿ-ಸೀಜ್ ಗ್ರೀಸನ್ನು ತೆಳುವಾಗಿ ಸವರಿ, ಎಲ್ಲವನ್ನೂ ಬೆರಳಿನಿಂದ ಕೂರಿಸಿ, ಆಮೇಲೆ ಎದುರುಬದುರು ಕ್ರಮದಲ್ಲಿ ಬಿಗಿಮಾಡಿ. ಎಂ6ಕ್ಕೆ ಸುಮಾರು 10 ನ್ಯೂಟನ್-ಮೀಟರ್. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬೇರೆ ಅಂಕಿಯಿದ್ದರೆ ಅದೇ ಸರಿ. ಗ್ರೀಸ್ ಹಚ್ಚಿದಾಗ ಅದಕ್ಕಿಂತ ತುಸು ಕಡಿಮೆ ಸಾಕು. ಟಾರ್ಕ್ ಪಾನ ಇಲ್ಲದವರಿಗೆ ಅಂದಾಜು: ಹತ್ತು ಸೆಂಟಿಮೀಟರ್ ಉದ್ದದ ಕೀಯ ತುದಿಯಲ್ಲಿ ಹತ್ತು ಕಿಲೋ ತೂಗುಹಾಕಿದಷ್ಟು ಬಲ. ಎರಡು ಬೆರಳಿನಿಂದ ಎಳೆದರೆ ಹೆಚ್ಚುಕಡಿಮೆ ಅಲ್ಲಿಗೆ ಬರುತ್ತದೆ.

ಕೊನೆಗೆ, ಬೋಲ್ಟಿನ ತಲೆಯ ಗುಳಿಯೊಳಗೆ ಒಂದು ಚಿಟಿಕೆ ಗ್ರೀಸ್ ತುಂಬಿಬಿಡಿ. ನೀರು ನಿಲ್ಲುವುದಿಲ್ಲ. ಮುಂದಿನ ಸಲ ಕಡ್ಡಿಯಿಂದ ಕೆರೆದು ತೆಗೆದರೆ ಕೆಳಗೆ ಗುಳಿ ಹೊಸದರಂತೆ ಹೊಳೆಯುತ್ತಿರುತ್ತದೆ.